ಊರ ಮಾತಿಗೆ ಟೀವಿಯಲ್ಲಿ ಜಾಗ: ಮಾವೊರಿಗಳಿಂದ ನಾವು ಕಲಿಯಬೇಕಾದ್ದು

(ಆಕ್ಲೆಂಡಿನಲ್ಲಿ ಕನ್ನಡಿಗರು ಸೇರಿದ್ದ ರಾಜ್ಯೋತ್ಸವದ ಸಂಜೆ ಆಡಿದ ಮಾತುಗಳ ಬರಹ ರೂಪ)



ಊಟಕ್ಕೆ ಮುಂಚೆ ಮಾತಾಡಲು ನಿಂತವನ ಕಷ್ಟ ನನಗೆ ಗೊತ್ತು. ಒಳಗಿನಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿದೆ, ಮಕ್ಕಳು ಆಗಲೇ ಬಾಗಿಲ ಹತ್ತಿರ ನಿಂತಿದ್ದಾರೆ. ಆದ್ದರಿಂದ ಕನ್ನಡದ ಎರಡು ಸಾವಿರ ವರ್ಷದ ಇತಿಹಾಸದಿಂದ ಶುರು ಮಾಡುವುದಿಲ್ಲ. "ನಮ್ಮ ಮಕ್ಕಳು ಕನ್ನಡ ಮಾತಾಡುವುದಿಲ್ಲ" ಎಂಬ ಪ್ರತಿ ವರ್ಷದ ಗೋಳನ್ನೂ ಹೇಳುವುದಿಲ್ಲ. ನಾನು ಮಾತಾಡಬೇಕೆಂದಿರುವುದು ಟೀವಿಯ ಬಗ್ಗೆ. ಧಾರಾವಾಹಿ, ರಿಯಾಲಿಟಿ ಶೋಗಳ ಟೀವಿ ಅಲ್ಲ. ಸರಕಾರದ ದುಡ್ಡಿನಲ್ಲಿ, ಅಂದರೆ ನಮ್ಮ ನಿಮ್ಮ ತೆರಿಗೆ ದುಡ್ಡಿನಲ್ಲಿ, ಒಂದು ಊರಿನ, ಒಂದು ಸಮುದಾಯದ ಬದುಕನ್ನು ಅವರದೇ ಮಾತಿನಲ್ಲಿ ತೋರಿಸುವ ಸಾಕ್ಷ್ಯಚಿತ್ರಗಳ ಬಗ್ಗೆ.

ಇದು ನನ್ನ ತಲೆಗೆ ಹೊಕ್ಕಿದ್ದು ನಮ್ಮ ಅವ್ವನಿಂದ.

ಅವ್ವ 2003ರಲ್ಲಿ ಸೊಸೆಯ ಬಾಣಂತನಕ್ಕೆಂದು ರಾಯಚೂರು ಜಿಲ್ಲೆಯ ಹಳ್ಳಿಯಿಂದ ನೇರ ಆಕ್ಲೆಂಡಿಗೆ ಬಂದಿದ್ದಳು. ಮೌಂಟ್ ರಾಸ್ಕಿಲ್‌ನ ಬಾಡಿಗೆ ಮನೆ, ಹೊರಗೆ ಜಿಟಿಜಿಟಿ ಮಳೆ. ಒಂದು ಭಾನುವಾರ ಬೆಳಗ್ಗೆ ಟೀವಿ ಹಚ್ಚಿದ್ದೆ. ಯಾರೋ ಮಾವೊರಿ ಅಜ್ಜಿ ಕುರ್ಚಿಯಲ್ಲಿ ಕೂತು ಮಾತಾಡುತ್ತಿದ್ದಳು. ನಮಗೆ ಒಂದಕ್ಷರ ತಿಳಿಯದು. ನಾನು ಚಾನೆಲ್ ಬದಲಿಸಲು ಕೈಚಾಚಿದೆ. ಅವ್ವ "ಇರ್ಲಿ ಬಿಡೋ" ಅಂದಳು. ಕಂಕುಳಲ್ಲಿ ಮೊಮ್ಮಗಳನ್ನು ಇಟ್ಟುಕೊಂಡು ಅರ್ಧ ಗಂಟೆ ಅಲುಗಾಡದೆ ನೋಡಿದಳು. ಮುಗಿದ ಮೇಲೆ ಅಂದದ್ದು ಇಷ್ಟೇ: "ಆ ಮುದುಕಿ ಮಾತು ಮುಗಿಯೋ ತನಕಾ ನಡುವೆ ಯಾರೂ ಬಾಯಿ ಹಾಕ್ಲಿಲ್ಲ ನೋಡು. ನಮ್ಮ ಕಡೆ ಯಾರು ಹಿಂಗ ಕೇಳ್ತಾರ?"

ಆ ಕಾರ್ಯಕ್ರಮದ ಹೆಸರು 'ವಾಕಾ ಹುಯಿಯಾ' ಎಂದು ಆಮೇಲೆ ತಿಳಿದುಕೊಂಡೆ. 1987ರಲ್ಲಿ ಶುರುವಾದದ್ದು. ಹುಯಿಯಾ ಎಂಬುದು ಈ ದೇಶದ ಒಂದು ಹಕ್ಕಿ. ಅದರ ಕಪ್ಪು ಗರಿಯ ತುದಿ ಬಿಳಿ, ದೊಡ್ಡವರು ಮಾತ್ರ ಮುಡಿಯುತ್ತಿದ್ದರು. ಆ ಗರಿಗಳನ್ನು ಕಾಪಾಡಿ ಇಡುವ ಕೆತ್ತನೆಯ ಮರದ ಪೆಟ್ಟಿಗೆಯೇ ವಾಕಾ ಹುಯಿಯಾ. ಹಕ್ಕಿಯನ್ನು ಖಚಿತವಾಗಿ ಕಂಡದ್ದು 1907ರಲ್ಲಿ, ಅದೇ ಕೊನೆ. ಹಕ್ಕಿ ಹೋಯಿತು, ಪೆಟ್ಟಿಗೆ ಉಳಿಯಿತು. ಭಾಷೆಗೂ ಅದೇ ಗತಿ ಬರಬಾರದು ಎಂದು, ಹಿರಿಯರು ಇನ್ನೂ ಇರುವಾಗಲೇ ಅವರ ಮಾತನ್ನು ಅವರ ಭಾಷೆಯಲ್ಲೇ ತುಂಬಿಡಲು ಮಾಡಿದ ಟೀವಿ ಪೆಟ್ಟಿಗೆ ಅದು.

ಅಷ್ಟು ಅವಸರ ಯಾಕಿತ್ತು? ಲೆಕ್ಕ ನೋಡಿ. 1913ರಲ್ಲಿ ಶಾಲೆಗೆ ಹೋಗುವ ಮಾವೊರಿ ಮಕ್ಕಳಲ್ಲಿ ನೂರಕ್ಕೆ ಸುಮಾರು 90 ಮಂದಿ ತಮ್ಮ ಭಾಷೆ ಆಡುತ್ತಿದ್ದರು. 1953ಕ್ಕೆ ಅದು 26ಕ್ಕೆ ಇಳಿಯಿತು. 1975ರ ಹೊತ್ತಿಗೆ 5ಕ್ಕಿಂತ ಕಡಿಮೆ. ಅರವತ್ತೇ ವರ್ಷ! ಅಂದರೆ ಅಜ್ಜಿಗೆ ಬರುತ್ತಿದ್ದ ಭಾಷೆ ಮೊಮ್ಮಗಳಿಗೆ ಇಲ್ಲ. ಶಾಲೆಯಲ್ಲಿ ತಾಯ್ನುಡಿ ಆಡಿದ್ದಕ್ಕೆ ಏಟು ತಿಂದವರು ಮನೆಯಲ್ಲಿ ಮಕ್ಕಳಿಗೆ "ಇಂಗ್ಲಿಷ್ ಕಲಿ, ಉದ್ಧಾರ ಆಗ್ತೀಯ" ಅಂದರು. ಎಲ್ಲೋ ಕೇಳಿದ ಮಾತು ಅನ್ನಿಸುವುದಿಲ್ಲವೇ?

ಅವರು ಸುಮ್ಮನೆ ಕೂರಲಿಲ್ಲ. 1972ರ ಸೆಪ್ಟೆಂಬರ್ 14ರಂದು ಮೂವತ್ತು ಸಾವಿರಕ್ಕೂ ಹೆಚ್ಚು ಸಹಿಗಳ ಮನವಿಯನ್ನು ವೆಲಿಂಗ್ಟನ್‌ನ ಪಾರ್ಲಿಮೆಂಟಿಗೆ ತಂದುಕೊಟ್ಟರು. ಶಾಲೆಗಳಲ್ಲಿ ತಮ್ಮ ಭಾಷೆ ಕಲಿಸಿ ಎಂಬುದು ಬೇಡಿಕೆ. ಎರಡು ವರ್ಷದ ನಂತರ, 1974ರಲ್ಲಿ, ಟೀವಿಯಲ್ಲಿ 'ತಾಂಗಾತಾ ಫೆನುವಾ' ಎಂಬ ಆರು ಕಂತಿನ ಸಾಕ್ಷ್ಯಚಿತ್ರ ಬಂತು. ಮಣ್ಣಿನ ಮಂದಿ ಎಂದು ಅರ್ಥ. ನಿರ್ದೇಶಕ ಬ್ಯಾರಿ ಬಾರ್ಕ್ಲೇ, ಬರೆದು ನಿರೂಪಿಸಿದವರು ಮೈಕೆಲ್ ಕಿಂಗ್. ಆಗ ಇಡೀ ದೇಶಕ್ಕೆ ಇದ್ದದ್ದು ಒಂದೇ ಚಾನೆಲ್. ಹಾಗಾಗಿ ಬೇಕೋ ಬೇಡವೋ, ಬಿಳಿಯರ ಮನೆಗಳ ನಡುಮನೆಗೂ ಮಾವೊರಿಗಳು ತಮ್ಮ ಮಾತಿನ ಸಮೇತ ಬಂದು ಕೂತರು.

ಬಾರ್ಕ್ಲೇ ಮಾಡಿದ ಒಂದು ಕೆಲಸವನ್ನು ಇಲ್ಲಿರುವ ಎಂಜಿನಿಯರುಗಳು ಗಮನಿಸಬೇಕು. ಆತ ಕ್ಯಾಮೆರಾವನ್ನು ದೂರ ಇಟ್ಟ, ಉದ್ದದ ಜೂಮ್ ಲೆನ್ಸ್ ಹಾಕಿದ. ಮುದುಕಿಯ ಮೂಗಿನ ಮುಂದೆ ದೀಪ, ಮೈಕು, ಕ್ಯಾಮೆರಾ ತಂದಿಟ್ಟರೆ ಆಕೆ ಏನು ಮಾತಾಡಿಯಾಳು? ಪಕ್ಕದಲ್ಲಿ ಅವಳ ಗೆಳತಿಯೋ ಬಂಧುವೋ ಕೂತಿದ್ದರೆ ಮಾತು ತಾನಾಗಿ ಬರುತ್ತದೆ. ಅವರ ಸಭೆಯಲ್ಲಿ ಹಿರಿಯರ ಮಾತನ್ನು ಹೇಗೆ ಕೇಳುತ್ತಾರೋ ಕ್ಯಾಮೆರಾ ಕೂಡ ಹಾಗೇ ಕೇಳಬೇಕು ಎಂಬುದು ಆತನ ನಿಲುವು. ಅವ್ವನಿಗೆ ಭಾಷೆ ಬಾರದಿದ್ದರೂ ತಿಳಿದದ್ದು ಇದೇ ನಡತೆ.

ಆಮೇಲಿನ ಕತೆ ಹೋರಾಟದ್ದು. 1985ರಲ್ಲಿ ಅವರು ವೈಟಾಂಗಿ ಟ್ರಿಬ್ಯುನಲ್‌ಗೆ ಹೋದರು. 1840ರ ಒಪ್ಪಂದದಲ್ಲಿ ನಮ್ಮ ಅಮೂಲ್ಯ ಆಸ್ತಿಗಳನ್ನು ಕಾಪಾಡುತ್ತೇವೆ ಅಂದಿರಿ, ಭಾಷೆ ಆಸ್ತಿಯಲ್ಲವೇ ಎಂದು ಕೇಳಿದರು. 1986ರಲ್ಲಿ ಟ್ರಿಬ್ಯುನಲ್ ಹೌದು ಅಂದಿತು. 1987ರಲ್ಲಿ ಮಾವೊರಿ ಅಧಿಕೃತ ಭಾಷೆಯಾಯಿತು. ಆದರೆ ಕಾಗದದ ಮೇಲಿನ ಅಧಿಕೃತ ಭಾಷೆಯಿಂದ ಏನು ಬಂತು? ಕರ್ನಾಟಕದಲ್ಲಿ ಆಡಳಿತ ಭಾಷೆಯ ಕಾಯ್ದೆ 1963ರಿಂದ ಇದೆ, ನಮಗೆ ಹೇಳಿಕೊಡಬೇಕಾಗಿಲ್ಲ. ಅವರು ಟೀವಿ, ರೇಡಿಯೋದಲ್ಲಿ ಪಾಲು ಬೇಕು ಎಂದು ಮೊಕದ್ದಮೆ ಹೂಡಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋದರು. 1993ರಲ್ಲಿ ಮೊಕದ್ದಮೆ ಸೋತರು. ಆದರೆ ಭಾಷೆಯನ್ನು ಕಾಪಾಡುವ ಹೊಣೆ ಸರಕಾರದ್ದೇ ಎಂಬುದು ಗಟ್ಟಿಯಾಯಿತು. ಅದೇ ವರ್ಷ ಮಾವೊರಿ ಕಾರ್ಯಕ್ರಮಗಳಿಗೆ ಹಣ ಕೊಡಲು 'ತೆ ಮಾಂಗಾಯಿ ಪಾಹೊ' ಎಂಬ ಸಂಸ್ಥೆ ಹುಟ್ಟಿತು. 2004ರ ಮಾರ್ಚ್ 28ರಂದು ಅವರದೇ ಮಾವೊರಿ ಟೆಲಿವಿಷನ್ ಶುರುವಾಯಿತು. ಈಗ ಅದರ ಹೆಸರೂ ಮಾವೊರಿಯಲ್ಲೇ ಇದೆ. 1972ರಿಂದ 2004, ಒಟ್ಟು 32 ವರ್ಷ. ಮನವಿಗೆ ಸಹಿ ಹಾಕಿದ ಅದೆಷ್ಟೋ ಮಂದಿ ಆ ದಿನ ನೋಡಲು ಬದುಕಿರಲಿಲ್ಲ.

ಫಲ ಏನು ಅಂದರೆ, 2023ರ ಜನಗಣತಿಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ತಮಗೆ ಮಾವೊರಿ ಮಾತಾಡಲು ಬರುತ್ತದೆ ಎಂದಿದ್ದಾರೆ. ಇದು ಟೀವಿಯೊಂದರಿಂದಲೇ ಆದದ್ದಲ್ಲ. 1982ರಿಂದ ಶುರುವಾದ 'ಭಾಷೆಯ ಗೂಡು' ಎಂಬ ಶಿಶುವಿಹಾರಗಳದ್ದು ದೊಡ್ಡ ಪಾಲು. ಆದರೆ ಶಿಶುವಿಹಾರದಲ್ಲಿ ಕಲಿತ ಮಗು ಮನೆಗೆ ಬಂದು ಟೀವಿ ಹಚ್ಚಿದಾಗ ಅದೇ ಭಾಷೆ ಕೇಳಿದರೆ ಆ ಮಗುವಿಗೆ ಆಗುವ ಧೈರ್ಯವೇ ಬೇರೆ.

ಈ ದೇಶದ ಇನ್ನೊಂದು ಏರ್ಪಾಡನ್ನೂ ಹೇಳಬೇಕು. 1989ರ ಪ್ರಸಾರ ಕಾಯ್ದೆಯಲ್ಲಿ 'ನ್ಯೂಜಿಲೆಂಡ್ ಆನ್ ಏರ್' ಎಂಬ ಸಂಸ್ಥೆ ಮಾಡಿದರು. ಅದಕ್ಕೆ ಸ್ವಂತ ಚಾನೆಲ್ ಇಲ್ಲ. ಅದರ ಕೆಲಸ ದುಡ್ಡು ಹಂಚುವುದು. ಮೊದಲು ಪ್ರತಿ ಮನೆಯಿಂದ ವರ್ಷಕ್ಕೆ 110 ಡಾಲರ್ ಶುಲ್ಕ ಬರುತ್ತಿತ್ತು, 2000ದಲ್ಲಿ ಶುಲ್ಕ ತೆಗೆದು ಸರಕಾರವೇ ಕೊಡತೊಡಗಿತು. ಹೆಂಗಸರು, ಮಕ್ಕಳು, ಅಂಗವಿಕಲರು, ಅಲ್ಪಸಂಖ್ಯಾತರು ಇವರಿಗಾಗಿ ಕಾರ್ಯಕ್ರಮ ಮಾಡಿಸುವುದು ಅದರ ಕರ್ತವ್ಯ ಎಂದು ಕಾಯ್ದೆಯಲ್ಲೇ ಬರೆದಿದೆ. ಪೆಸಿಫಿಕ್ ದ್ವೀಪದವರ 'ತಾಗಾತಾ ಪಾಸಿಫಿಕಾ' 1987ರಿಂದ ಇಂದಿಗೂ ನಡೆದಿದೆ. ನಮ್ಮಂಥ ಏಷ್ಯಾದವರಿಗೆ 1994ರಿಂದ ಒಂದು ಕಾರ್ಯಕ್ರಮವಿತ್ತು, ಅದೇ 'ಏಷಿಯಾ ಡೌನ್ ಅಂಡರ್'. ಇಲ್ಲಿ ಅನೇಕರಿಗೆ ನೆನಪಿರಬಹುದು. ದೀಪಾವಳಿ ಮೇಳದಷ್ಟೇ ಅಲ್ಲ, ಡೈರಿ ಅಂಗಡಿಯಲ್ಲಿ ಹದಿನಾಲ್ಕು ಗಂಟೆ ನಿಲ್ಲುವವರದ್ದು, ಡಿಗ್ರಿ ಇದ್ದೂ ಟ್ಯಾಕ್ಸಿ ಓಡಿಸುವವರದ್ದು, ಇಂಥ ನಮ್ಮ ವಲಸೆಯ ಬದುಕಿನ ವಿಷಯಗಳಿಗೆ ದೇಶದ ಮುಖ್ಯ ಚಾನೆಲ್ಲಿನಲ್ಲಿದ್ದ ಜಾಗ ಅದು. 2011ರಲ್ಲಿ ನಿಲ್ಲಿಸಿದರು. ಆಕ್ಲೆಂಡಿನಲ್ಲಿ 1998ರಲ್ಲಿ ಶುರುವಾದ ಟ್ರಯಾಂಗಲ್ ಟೀವಿ ಬೇರೆಬೇರೆ ಸಮುದಾಯಗಳಿಗೆ ತಾವೇ ಕಾರ್ಯಕ್ರಮ ಮಾಡಲು ಸಮಯ ಕೊಡುತ್ತಿತ್ತು, ಅದೂ ಇಂದು ಇಲ್ಲ. ಅಂದರೆ ಇಲ್ಲಿ ಎಲ್ಲವೂ ಹಾಲು ಜೇನು ಅಂತ ನಾನು ಹೇಳುತ್ತಿಲ್ಲ. ಕೇಳುವವರು ಸುಮ್ಮನಾದರೆ ಕೊಡುವವರೂ ಸುಮ್ಮನಾಗುತ್ತಾರೆ. 'ಏಷಿಯಾ ಡೌನ್ ಅಂಡರ್' ನಿಂತಾಗ ನಮ್ಮಲ್ಲಿ ಎಷ್ಟು ಜನ ಒಂದು ಇಮೇಲ್ ಬರೆದೆವು? ನಾನಂತೂ ಬರೆಯಲಿಲ್ಲ.

ಈಗ ನಮ್ಮ ನಾಡಿಗೆ ಬರೋಣ.

ನಾನು ಮೊದಲು ಟೀವಿ ನೋಡಿದ್ದು ಬೆಂಗಳೂರಿನಲ್ಲಲ್ಲ, ನಮ್ಮ ಹಳ್ಳಿಯ ಶಾಲೆಯಲ್ಲಿ, 1975ರಲ್ಲಿ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್ 1ಕ್ಕೆ. ಆರು ವರ್ಷ ಮೊದಲೇ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಟೀವಿ ಇತ್ತು ಅಂದರೆ ಬೆಂಗಳೂರಿನ ಗೆಳೆಯರು ನಂಬುವುದಿಲ್ಲ! ಅದು 'ಸೈಟ್' ಪ್ರಯೋಗ. ಅಮೆರಿಕದ ನಾಸಾದ ಉಪಗ್ರಹ ಒಂದು ವರ್ಷಕ್ಕೆ ಎರವಲು ತಂದು, ನಮ್ಮ ಇಸ್ರೋದವರು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸಿದರು. ಕೋಳಿಗೂಡಿನ ತಂತಿಜಾಲರಿಯ ದೊಡ್ಡ ಛತ್ರಿ, ಶಾಲೆಯ ಪಡಸಾಲೆಯಲ್ಲಿ ಒಂದು ಪೆಟ್ಟಿಗೆ, ಮುಂದೆ ಇಡೀ ಊರು. ಬಿತ್ತನೆ, ಗೊಬ್ಬರ, ಮಕ್ಕಳ ಲಸಿಕೆ, ಇಂಥ ವಿಷಯಗಳು. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಒಂಬತ್ತು ವರ್ಷದ ನನಗೆ ಎಲ್ಲವೂ ಮಾಯೆ. ಆದರೆ ಅವ್ವ ಮೂರನೇ ದಿನಕ್ಕೇ ಎದ್ದು ಬಂದಳು. "ಅವ್ರು ಹೇಳ್ತಾರ, ನಾವು ಕೇಳ್ಬೇಕು. ನಮ್ಮನ್ನ ಒಂದ್ ಮಾತ್ ಕೇಳ್ವಲ್ರು" ಅಂದಳು. ಮುಂದಿನ ಜುಲೈ 31ಕ್ಕೆ ಕರಾರು ಮುಗಿಯಿತು, ಉಪಗ್ರಹ ಹೊರಟುಹೋಯಿತು. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಟ್ರಾನ್ಸ್‌ಮಿಟರ್ ಬಂತು, ನಮ್ಮ ಹಳ್ಳಿಗೆ ಅದು ಎಟುಕಲಿಲ್ಲ.

ಅವ್ವನಿಗೆ ಗೊತ್ತಿರಲಿಲ್ಲ, ಆಕೆ ಕೇಳಿದ್ದನ್ನು ಅದೇ ವರ್ಷಗಳಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಮಾಡುತ್ತಿದ್ದರು. ಪೀಜ್ ಎಂಬ ಊರಿನಲ್ಲಿ ಪುಟ್ಟ ಟ್ರಾನ್ಸ್‌ಮಿಟರ್. ಸುತ್ತಲಿನ ಹಳ್ಳಿಯವರೇ ಪಾತ್ರ, ಅವರ ಮಾತೇ ಮಾತು, ಕೂಲಿ, ಜಾತಿ, ಕುಡಿತ, ಹೆಂಗಸರ ಮೇಲಿನ ಹೊಡೆತ, ಇವೇ ವಿಷಯ. ಯುನೆಸ್ಕೋದಿಂದ ಬಹುಮಾನ ಕೂಡ ಬಂತು. ಆದರೂ 1980ರ ದಶಕದಲ್ಲಿ ದೂರದರ್ಶನ ದೆಹಲಿಯಿಂದ ದೇಶಕ್ಕೆಲ್ಲ ಹರಡಿದಾಗ ಈ ಮಾದರಿ ಮೂಲೆಗೆ ಬಿತ್ತು. ದೇಶ ದೊಡ್ಡ ಟ್ರಾನ್ಸ್‌ಮಿಟರ್ ಆರಿಸಿಕೊಂಡಿತು, ಹತ್ತಿರದ ಮಾತನ್ನಲ್ಲ.

ಚಂದನ ಏನೂ ಮಾಡಿಲ್ಲ ಎಂದು ಯಾರೂ ಹೇಳಬಾರದು. ಖಾಸಗಿ ಚಾನೆಲ್‌ಗಳ ಗದ್ದಲದಲ್ಲಿ 2002ರಲ್ಲಿ ಶುರುವಾದ 'ಥಟ್ ಅಂತ ಹೇಳಿ'ಯಂಥ ಕಾರ್ಯಕ್ರಮವನ್ನು ಪುಸ್ತಕಗಳನ್ನೇ ಬಹುಮಾನವಾಗಿ ಕೊಟ್ಟು ನಡೆಸಿಕೊಂಡು ಬಂದ ಚಾನೆಲ್ ಅದು. ನನ್ನ ಪ್ರಶ್ನೆ ಬೇರೆ. ಪ್ರಸಾರ ಭಾರತಿಯ 1990ರ ಕಾಯ್ದೆಯಲ್ಲಿ ದೇಶದ ವಿವಿಧ ಪ್ರದೇಶಗಳ ಸಂಸ್ಕೃತಿ, ಭಾಷೆಗಳಿಗೆ ಸಾಕಷ್ಟು ಜಾಗ ಕೊಡಬೇಕು ಎಂದು ಬರೆದೇ ಇದೆ. ಬರೆದದ್ದನ್ನು ಕೇಳಿ ಪಡೆಯಲು ಇಲ್ಲಿಯವರು ಟ್ರಿಬ್ಯುನಲ್ ಹತ್ತಿದರು, ಪ್ರಿವಿ ಕೌನ್ಸಿಲ್ ಹತ್ತಿದರು. ನಾವು ಯಾವ ಮೆಟ್ಟಿಲು ಹತ್ತಿದ್ದೇವೆ? ಹಿಂದಿ ಹೇರಿಕೆ ಬೇಡ ಎಂದು ಬರೆಯುತ್ತೇವೆ, ಸರಿ, ಬರೆಯಲೇಬೇಕು. ಆದರೆ ರಾಯಚೂರು, ಯಾದಗಿರಿಯಿಂದ ಪ್ರತಿ ವರ್ಷ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳ ಕತೆಯನ್ನು ಅವರದೇ ಬಾಯಿಂದ ತೋರಿಸುವ ಕಾರ್ಯಕ್ರಮ ಬೇಕು, ಅದಕ್ಕೆ ಇಷ್ಟು ಹಣ ಕಾಯ್ದೆಯಲ್ಲೇ ತೆಗೆದಿಡಿ ಎಂದು ನಾವು ಕೇಳಿದ್ದು ಯಾವಾಗ?

ಇಲ್ಲಿ ಒಬ್ಬರು ಗೆಳೆಯರು ನನಗೆ ಹೇಳಿದರು: "ಮಾವೊರಿಗಳ ಜತೆ ಹೋಲಿಕೆ ಸರಿಯಲ್ಲ. ಅವರು ಈ ನೆಲದವರು, ನಾವು ವಲಸಿಗರು." ನೂರಕ್ಕೆ ನೂರು ನಿಜ. ಈ ನೆಲದ ಮೇಲೆ ಅವರಿಗಿರುವ ಹಕ್ಕು ನಮಗಿಲ್ಲ, ಕೇಳಲೂ ಬಾರದು. ನಮ್ಮ ಹಕ್ಕಿನ ಪ್ರಶ್ನೆ ಇರುವುದು ಕರ್ನಾಟಕದಲ್ಲಿ. ಅಲ್ಲಿಗೆ ಹೋದರೆ ಹೋಲಿಕೆ ಇನ್ನೂ ಕಷ್ಟದ್ದು. ದೆಹಲಿಯ ಎದುರು ನಾವು ಮಾವೊರಿಗಳ ಜಾಗದಲ್ಲಿ ನಿಂತು ಮಾತಾಡುತ್ತೇವೆ. ಆದರೆ ತುಳು, ಕೊಡವ, ಬ್ಯಾರಿ ಮಾತಾಡುವವರು, ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನಮ್ಮ ಕಡೆ ನೋಡಿದಾಗ ನಾವು ಯಾರ ಜಾಗದಲ್ಲಿ ಕಾಣುತ್ತೇವೆ? ಕನ್ನಡಕ್ಕೆ ಕೇಳುವ ನ್ಯಾಯವನ್ನು ಕನ್ನಡ ನಾಡಿನ ಸಣ್ಣ ನುಡಿಗಳಿಗೂ ಕೊಟ್ಟರೆ ಮಾತ್ರ ನಮ್ಮ ದನಿಗೆ ತೂಕ ಬರುತ್ತದೆ. ಕನ್ನಡದೊಳಗೇ ನಮ್ಮ ರಾಯಚೂರಿನ ಮಾತು ಟೀವಿಯಲ್ಲಿ ಬರುವುದು ನಗಿಸುವುದಕ್ಕೆ ಮಾತ್ರ ಎಂಬ ನೋವು ನನಗಿದೆ, ಅದನ್ನೂ ಹೇಳಿಬಿಡುತ್ತೇನೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಅವ್ವನಿಗೆ ಬೀಸುವ ಪದಗಳು ಬರುತ್ತಿದ್ದವು. ಎಷ್ಟು ಅಂತ ಎಣಿಸಿದವರಿಲ್ಲ. ಇಲ್ಲಿದ್ದ ಆರು ತಿಂಗಳು ಮೊಮ್ಮಗಳನ್ನು ಮಲಗಿಸುತ್ತಾ ದಿನಾ ಹಾಡುತ್ತಿದ್ದಳು. ನನ್ನ ಹತ್ತಿರ ಆಗ ಹೊಸದಾಗಿ ಕೊಂಡ ವೀಡಿಯೋ ಕ್ಯಾಮೆರಾ ಇತ್ತು. ಅವ್ವ 2009ರಲ್ಲಿ ತೀರಿಕೊಂಡಳು. ಊರಿಂದ ವಾಪಸ್ ಬಂದು ಇದ್ದಬದ್ದ ಟೇಪುಗಳನ್ನೆಲ್ಲ ನೋಡಿದೆ. ಹದಿಮೂರು ಟೇಪು. ನಾಮಕರಣ, ಕೇಕು, ರೋಟೊರುವಾದ ಬಿಸಿನೀರಿನ ಬುಗ್ಗೆ, ಮಿಷನ್ ಬೇಯ ಮರಳು. ಅವ್ವ ಎಲ್ಲ ಕಡೆ ಇದ್ದಾಳೆ, ಮೂಲೆಯಲ್ಲಿ, ಬ್ಯಾಗು ಹಿಡಿದುಕೊಂಡು. ಹಾಡು ಸಿಕ್ಕಿದ್ದು ಒಂದೇ ಕಡೆ, ಸುಮಾರು ನಲವತ್ತು ಸೆಕೆಂಡು, ಹಿಂದಿನ ಕೋಣೆಯಿಂದ. ಅದರ ಮೇಲೆ ನನ್ನದೇ ದನಿ: "ಅವ್ವ, ಸ್ವಲ್ಪ ಸುಮ್ನಿರು, ರೆಕಾರ್ಡ್ ಮಾಡ್ತಾ ಇದೀನಿ."

ಮೇಲೆ ಹೇಳಿದ ಇಷ್ಟೂ ಇತಿಹಾಸ ನಾನು ಓದಿದ್ದು ಆ ಟೇಪು ನೋಡಿದ ಮೇಲೆ. ಊರಲ್ಲಿ ಅವಳು ನೆರೆಯವರಿಗೆ ಹೇಳುತ್ತಿದ್ದಳಂತೆ, "ನನ್ ಮಗ ದೂರ ಗುಳೆ ಹೋಗ್ಯಾನ." ನಾವು ಸ್ಕಿಲ್ಡ್ ಮೈಗ್ರೆಂಟ್ ಅಂದುಕೊಳ್ಳುತ್ತೇವೆ. ಅವ್ವನ ಪದವೇ ಸರಿ.

ಆದ್ದರಿಂದ ಮೂರು ಕೆಲಸ ಕೇಳಿಕೊಳ್ಳುತ್ತೇನೆ.

ಒಂದು. ಪ್ರತಿ ಬೇಸಿಗೆಯಲ್ಲೂ ವಿಸಿಟರ್ ವೀಸಾದಲ್ಲಿ ನಮ್ಮ ಅಪ್ಪ ಅಮ್ಮಂದಿರು, ಅತ್ತೆ ಮಾವಂದಿರು ಬರುತ್ತಾರೆ. ಚಾಮರಾಜನಗರದವರು, ಕಾರವಾರದವರು, ಬೀದರಿನವರು, ಕಾಸರಗೋಡಿನವರು ಒಂದೇ ಸಭಾಂಗಣದಲ್ಲಿ ಸಿಗುವುದು ಕರ್ನಾಟಕದಲ್ಲೂ ಅಪರೂಪ! ಒಬ್ಬೊಬ್ಬರದೂ ಒಂದು ಗಂಟೆ ಮಾತು ತುಂಬಿಸಿಕೊಳ್ಳೋಣ. ಇವತ್ತಿನ ಫೋನು ಸಾಕು. ಟೀವಿ ಆಫ್ ಮಾಡಿ, ಫೋನನ್ನು ಸ್ಟ್ಯಾಂಡಿನ ಮೇಲೆ ಸ್ವಲ್ಪ ದೂರ ಇಡಿ, ದನಿಗೆ ಬೇರೆ ಮೈಕ್ ಹತ್ತಿರ ಇರಲಿ. ಎದುರಿಗೆ ಅವರ ಓರಗೆಯವರನ್ನು ಕೂರಿಸಿ, ನೀವು ಹಿಂದೆ ಸರಿಯಿರಿ. ಮೊದಲಿಗೆ ಹೆಸರು, ಊರು, ತಾಲೂಕು, ತಾರೀಕು ಹೇಳಿಸಿ. ಮಾತು ತಿದ್ದಬೇಡಿ. ಬರ, ಮಡಿ ಮೈಲಿಗೆ, ಭೂಸುಧಾರಣೆಯಲ್ಲಿ ಬಂದ ಹೊಲ, ಹೋದ ಹೊಲ, ಎಲ್ಲ ಬರಲಿ. ಹಬ್ಬದ ನೆನಪು ಮಾತ್ರ ಬೇಡ. ಯಾರಿಗೆ ತೋರಿಸಬಹುದು, ಯಾರಿಗೆ ಬೇಡ ಎಂದು ಅವರನ್ನೇ ಕೇಳಿ. ಪ್ರತಿಯನ್ನು ಮೂರು ಕಡೆ ಇಡಿ. ನನ್ನ ಟೇಪುಗಳಲ್ಲಿ ಎರಡು ಆಗಲೇ ಹಾಳಾಗಿದ್ದವು.

ಎರಡು. ಇಲ್ಲಿ ಹಣ ಹಂಚುವ ಸಂಸ್ಥೆಗಳ ಬಾಗಿಲು ತಟ್ಟೋಣ. ಪ್ಲಾನೆಟ್ ಎಫ್‌ಎಂನಂಥ ಸಮುದಾಯ ರೇಡಿಯೋ ಇನ್ನೂ ಇದೆ, ಜನಾಂಗೀಯ ಸಮುದಾಯಗಳಿಗೆಂದೇ 2021ರಿಂದ ಪ್ರತ್ಯೇಕ ಸಚಿವಾಲಯ ಇದೆ. ಅರ್ಜಿ ಹಾಕುವುದರಲ್ಲಿ ನಮ್ಮಷ್ಟು ಪಳಗಿದವರು ಯಾರಿದ್ದಾರೆ? ರೆಸಿಡೆನ್ಸಿಗೆ ತುಂಬಿದ ಫಾರಮ್ಮುಗಳ ಅರ್ಧ ಶ್ರಮ ಸಾಕು.

ಮೂರು. ಪ್ರಸಾರ ಭಾರತಿಗೂ, ನಮ್ಮ ಸಂಸದರಿಗೂ, ರಾಜ್ಯ ಸರಕಾರಕ್ಕೂ ನಾವೆಲ್ಲ ಸಹಿ ಮಾಡಿದ ಒಂದು ಮನವಿ. ಬೇಡಿಕೆ ಎರಡೇ. ಬೆಂಗಳೂರು ದೂರದರ್ಶನದ 1981ರಿಂದೀಚಿನ ಕನ್ನಡ ಸಾಕ್ಷ್ಯಚಿತ್ರಗಳನ್ನು ಪಟ್ಟಿ ಮಾಡಿ ಜನರಿಗೆ ತೆರೆಯಿರಿ. ಜಿಲ್ಲೆಗಳ ಬದುಕಿನ ಸಾಕ್ಷ್ಯಚಿತ್ರಗಳಿಗೆ ಪ್ರತ್ಯೇಕ ನಿಧಿ ಇಡಿ, ಅದರಲ್ಲಿ ನಾಡಿನ ಸಣ್ಣ ನುಡಿಗಳಿಗೂ ಪಾಲಿರಲಿ. 1974ರ 'ತಾಂಗಾತಾ ಫೆನುವಾ' ಇವತ್ತು 'ಎನ್‌ಝಡ್ ಆನ್ ಸ್ಕ್ರೀನ್' ತಾಣದಲ್ಲಿ ಪುಕ್ಕಟೆ ನೋಡಲು ಸಿಗುತ್ತದೆ. ನ್ಯೂಜಿಲೆಂಡಿನ ಜನಸಂಖ್ಯೆ 50 ಲಕ್ಷ, ನಾವು 6 ಕೋಟಿ. ಅವರಿಗೆ ಆದದ್ದು ನಮಗೆ ಆಗದೇ?

ಮನವಿಯ ಕಾಗದ ಅಲ್ಲಿ ಬಾಗಿಲ ಬಳಿ ಮೇಜಿನ ಮೇಲಿದೆ, ಪೆನ್ನೂ ಇದೆ. ಊಟದ ಸಾಲು ಅದರ ಪಕ್ಕದಲ್ಲೇ ಹಾದುಹೋಗುವಂತೆ ಸಂಚಾಲಕರಿಗೆ ಹೇಳಿ ಏರ್ಪಾಡು ಮಾಡಿಸಿದ್ದೇನೆ! ಮುಂದಿನ ಸಾಲಿನಲ್ಲಿ ಕೂತಿರುವ ಹಿರಿಯರಲ್ಲಿ ಒಂದು ವಿನಂತಿ. ಊಟ ಆದಮೇಲೆ ಪಕ್ಕದ ಸಣ್ಣ ಕೋಣೆಗೆ ಬನ್ನಿ. ಎರಡು ಕುರ್ಚಿ ಹಾಕಿದ್ದೇವೆ, ಕ್ಯಾಮೆರಾ ದೂರ ಇದೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ.

 ಸಿರಿಗನ್ನಡಂ ಗೆಲ್ಗೆ.